‘ಅಂತೆ’ ಬಿಟ್ಟುಹೋದ ಮುಖಪುಟ: ‘ದಿ ಸನ್’ ಸಂಪಾದಕ ಕೆಲ್ವಿನ್ ಮೆಕೆಂಜಿ ಬಗ್ಗೆ ಮಾತಾಡೋಣ

ರಾತ್ರಿಪಾಳಿ

ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ 26 ವರ್ಷ ಕೆಲಸ ಮಾಡಿದವನು ನಾನು. ರಾತ್ರಿ ಪಾಳಿಯೇ ಜಾಸ್ತಿ. ವರದಿಗಾರರ ಕಾಪಿ ತಿದ್ದುವುದು, ತಲೆಬರಹ ಕೊಡುವುದು, ಪುಟ ಕಟ್ಟಿಸುವುದು. ಈಗ ನಿವೃತ್ತಿಯಾಗಿದೆ. ಬಹಳ ದಿನದಿಂದ ಒಬ್ಬ ಸಂಪಾದಕರ ಬಗ್ಗೆ ಬರೆಯಬೇಕು ಅನ್ನಿಸುತ್ತಿತ್ತು. 1981ರಿಂದ 1994ರವರೆಗೆ ಲಂಡನ್ನಿನ ‘ದಿ ಸನ್’ ನಡೆಸಿದ ಕೆಲ್ವಿನ್ ಮೆಕೆಂಜಿ.

ಹುಟ್ಟಿದ್ದು 1946ರಲ್ಲಿ, ದಕ್ಷಿಣ ಲಂಡನ್ನಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಪತ್ರಿಕೆಯವರೇ. ಶಾಲೆ ಹಿಡಿಸಲಿಲ್ಲ. ಶಾಲೆ ಮುಗಿಸುವ ಓ ಲೆವೆಲ್ ಪರೀಕ್ಷೆಯಲ್ಲಿ ಒಂದೇ ಒಂದು ವಿಷಯ ಪಾಸು ಮಾಡಿ, 17ನೇ ವಯಸ್ಸಿಗೆ ಬಡಾವಣೆಯ ಸಣ್ಣ ಪತ್ರಿಕೆಗೆ ಸೇರಿದರು. 1972ರಲ್ಲಿ ಉಪಸಂಪಾದಕರಾಗಿ ‘ಸನ್’ಗೆ ಬಂದರು. ರೂಪರ್ಟ್ ಮರ್ಡೋಕ್ 1969ರಲ್ಲಿ ಆ ಪತ್ರಿಕೆ ಕೊಂಡು, ದೊಡ್ಡ ಹಾಳೆಯನ್ನು ಸಣ್ಣ ಹಾಳೆಯ ಟ್ಯಾಬ್ಲಾಯ್ಡ್ ಮಾಡಿದ್ದರು. ಮಧ್ಯೆ ಸ್ವಲ್ಪ ಕಾಲ ಮರ್ಡೋಕ್ ಅವರದೇ ‘ನ್ಯೂಯಾರ್ಕ್ ಪೋಸ್ಟ್’ನಲ್ಲಿದ್ದು, 34ನೇ ವಯಸ್ಸಿಗೆ ಮೆಕೆಂಜಿ ‘ಸನ್’ ಸಂಪಾದಕರಾದರು.

ಡೆಸ್ಕಿನಿಂದ ಮೇಲೆ ಬಂದ ಸಂಪಾದಕರನ್ನು ನೀವು ಗಮನಿಸಿ. ಅವರಿಗೆ ಸುದ್ದಿ ಕಾಣುವುದೇ ತಲೆಬರಹದ ರೂಪದಲ್ಲಿ. ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ 1982ರ ಮೇ 2ರಂದು ಬ್ರಿಟನ್ನಿನ ಸಬ್‌ಮರೀನ್ ಒಂದು ಅರ್ಜೆಂಟೀನಾದ ‘ಜನರಲ್ ಬೆಲ್‌ಗ್ರಾನೊ’ ಹಡಗಿಗೆ ಹೊಡೆಯಿತು. ಮೇ 4ರ ‘ಸನ್’ ಮೊದಲ ಆವೃತ್ತಿಯಲ್ಲಿ ಮುಖಪುಟ ತುಂಬ ಒಂದೇ ಪದ: ‘ಗಾಚಾ’. ‘ಸಿಕ್ಕಿಬಿದ್ರು’ ಅನ್ನುವ ಹಾಗೆ. ಜನ ಸತ್ತಿದ್ದಾರೆ ಅಂತ ಗೊತ್ತಾಗುತ್ತಾ ಬಂದ ಹಾಗೆ ಮೆಕೆಂಜಿ ಮುಂದಿನ ಆವೃತ್ತಿಗೆ ಅದನ್ನು ತೆಗೆದು ಬೇರೆ ಹಾಕಿದರು. ಕೊನೆಗೆ ಸತ್ತವರ ಲೆಕ್ಕ 323. ಇವತ್ತು ಎಲ್ಲರ ನೆನಪಿನಲ್ಲಿರುವುದು ತೆಗೆದುಹಾಕಿದ ಆ ಪದವೇ.

ಈಗ ನಾನು ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ನಮ್ಮ ಭಾಷೆಯಲ್ಲಿ ‘ಅಂತೆ’ ಅಂತ ಒಂದು ಪುಟ್ಟ ಪದ ಇದೆ. ‘ಬಂದ’ ಅಂದರೆ ಹೇಳುವವನ ಹೊಣೆ. ‘ಬಂದನಂತೆ’ ಅಂದರೆ ಬೇರೆ ಯಾರೋ ಹೇಳಿದ್ದು, ನಾನು ಕಂಡಿಲ್ಲ. ಅಜ್ಜಿಯರು ಊರ ಸುದ್ದಿ ಹೇಳುವಾಗಲೂ ಇದನ್ನು ಬಿಡುವುದಿಲ್ಲ. ಪತ್ರಿಕೆಯಲ್ಲಿ ಅದೇ ‘ಎನ್ನಲಾಗಿದೆ’, ‘ಆರೋಪ’, ‘ದೂರು’ ಅಂತ ಬರುತ್ತದೆ. ಮೆಕೆಂಜಿ ಅವರ ವೃತ್ತಿ ಬದುಕನ್ನು ಓದಿದಾಗೆಲ್ಲ ನನಗೆ ಕಾಣುವುದು ಇದೊಂದೇ. ಒಬ್ಬ ಚುರುಕು ಡೆಸ್ಕಿನ ಮನುಷ್ಯ ಆ ‘ಅಂತೆ’ಯನ್ನು ಹೊರೆ ಅಂದುಕೊಂಡರು. ಕಿತ್ತು ಹಾಕುತ್ತಾ ಹೋದರು. 1989ರ ಏಪ್ರಿಲ್ 19ರಂದು ಅದಕ್ಕೆ ಇಂಗ್ಲೆಂಡಿನ ಲಿವರ್‌ಪೂಲ್ ಅನ್ನುವ ಒಂದು ಇಡೀ ಊರು ಬೆಲೆ ತೆತ್ತಿತು.

ಗೊತ್ತಿರುವವರು ಬರೆಯಿರಿ. ಲಿವರ್‌ಪೂಲ್ ಕಡೆ ಇರುವವರು ಯಾರಾದರೂ ಇದ್ದರೆ ಖಂಡಿತ ಬರೆಯಿರಿ.

ಏಜೆಂಟರ ಮಗ

ಸರ್, ನಮ್ಮ ತಂದೆ ಶಿವಮೊಗ್ಗದಲ್ಲಿ ಪೇಪರ್ ಏಜೆಂಟ್ ಆಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟು ಬಿಚ್ಚಿ ಎಣಿಸುತ್ತಿದ್ದೆ. ಹಾಗಾಗಿ ಬೇರೆ ಕಡೆಯಿಂದ ಒಂದು ಮಾತು.

ಮೆಕೆಂಜಿ ಕಾಲದಲ್ಲಿ ‘ಸನ್’ ದಿನಕ್ಕೆ ಸುಮಾರು 40 ಲಕ್ಷ ಪ್ರತಿ ಹೋಗುತ್ತಿತ್ತು. ಆ 40 ಲಕ್ಷ ಮನೆಯವರೆಲ್ಲ ಕೆಟ್ಟವರೇ? ಅಲ್ಲ ಅಲ್ವಾ. ಫ್ಯಾಕ್ಟರಿಗೆ ಹೋಗುವವರು, ಕಟ್ಟಡ ಕೆಲಸದವರು, ಲಾರಿ ಓಡಿಸುವವರು. ಗಂಭೀರ ಪತ್ರಿಕೆಗಳು ಅವರ ಮಾತಿನಲ್ಲಿ ಮಾತಾಡುತ್ತಿರಲಿಲ್ಲ. ಈ ಮನುಷ್ಯ ಮಾತಾಡಿದ. 1986ರಲ್ಲಿ ಒಬ್ಬ ಹಾಸ್ಯನಟನ ಬಗ್ಗೆ ‘ಫ್ರೆಡ್ಡಿ ಸ್ಟಾರ್ ನನ್ನ ಹ್ಯಾಮ್‌ಸ್ಟರ್ ತಿಂದ’ ಅಂತ ಮುಖಪುಟ ಬಂತು. ಹ್ಯಾಮ್‌ಸ್ಟರ್ ಅಂದರೆ ಇಲಿಯಂಥ ಸಾಕುಪ್ರಾಣಿ. ಬಸ್ಸಿನಲ್ಲಿ ಕೂತವರು ನಗುತ್ತಾ ಪಕ್ಕದವರಿಗೆ ತೋರಿಸುವ ಪತ್ರಿಕೆ. ಅದನ್ನು ಮಾಡುವುದು ಸುಲಭದ ಕೆಲಸವಲ್ಲ. ಆ ಪ್ರತಿಭೆಯನ್ನು ನಾವು ಒಪ್ಪಿಕೊಳ್ಳಲೇಬೇಕು.

ರಾತ್ರಿಪಾಳಿ

ಒಪ್ಪುತ್ತೇನೆ, ಪ್ರತಿಭೆ ಇತ್ತು. ಆದರೆ ಹ್ಯಾಮ್‌ಸ್ಟರ್ ತಿಂದಿದ್ದು ನಿಜವಲ್ಲ. ಆ ನಟ ಕೊನೆಯವರೆಗೂ ಅಲ್ಲಗಳೆದರು. ಆ ಸುದ್ದಿಯಲ್ಲಿ ನಗು ಬರುತ್ತದೆ, ಹಾನಿ ಕಡಿಮೆ ಅನ್ನಿಸುತ್ತದೆ. ಆದರೆ ಪರಿಶೀಲಿಸದೆ ಹಾಕುವ ಕೈಗೆ ಅಭ್ಯಾಸವಾಗುವುದು ಇಂಥ ಸುದ್ದಿಯಲ್ಲೇ.

ಅದಕ್ಕಿಂತ ಮೊದಲೇ ಒಂದು ನಡೆದಿತ್ತು. ಫಾಕ್‌ಲ್ಯಾಂಡ್ಸ್‌ನಲ್ಲಿ ಸತ್ತು, ಆಮೇಲೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಸಾರ್ಜೆಂಟ್ ಇಯಾನ್ ಮೆಕೇ ಅವರ ಹೆಂಡತಿಯ ಸಂದರ್ಶನ ಅಂತ ‘ಸನ್’ ಅಚ್ಚು ಹಾಕಿತು. ಆಕೆ ಆ ಪತ್ರಿಕೆ ಜೊತೆ ಮಾತೇ ಆಡಿರಲಿಲ್ಲ. ಬೇರೆ ಕಡೆ ಬಂದಿದ್ದ ಮಾತುಗಳನ್ನು ಜೋಡಿಸಿ ಕಟ್ಟಿದ್ದರು. ಅಲ್ಲಿನ ಪ್ರೆಸ್ ಕೌನ್ಸಿಲ್ ಕಟುವಾಗಿ ಖಂಡಿಸಿತು. ಗಂಡನನ್ನು ಕಳೆದುಕೊಂಡ ಹೆಂಗಸಿನ ಬಾಯಲ್ಲಿ ಆಡದ ಮಾತು ಇಡುವುದು ನನ್ನ ಲೆಕ್ಕದಲ್ಲಿ ‘ಗಾಚಾ’ಕ್ಕಿಂತ ದೊಡ್ಡ ತಪ್ಪು. ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಧಾರವಾಡದ ವಿದ್ಯಾರ್ಥಿನಿ

ನಾನು ಪತ್ರಿಕೋದ್ಯಮ ಎರಡನೇ ವರ್ಷ. ಒಂದು ಗೊಂದಲ. ನಮ್ಮಲ್ಲಿ ಟ್ಯಾಬ್ಲಾಯ್ಡ್ ಅಂದರೆ ‘ಲಂಕೇಶ್ ಪತ್ರಿಕೆ’ ಥರದ ವಾರಪತ್ರಿಕೆ ಅಂತ ಓದಿದ್ದೇನೆ. 1980ರಲ್ಲಿ ಶುರುವಾಗಿದ್ದು, ಜಾಹೀರಾತು ತೆಗೆದುಕೊಳ್ಳದೆ ನಡೆದಿದ್ದು. ‘ಸನ್’ ಕೂಡ ಅದೇ ಜಾತಿಯದ್ದಾ?

ರಾತ್ರಿಪಾಳಿ

ಹಾಳೆಯ ಗಾತ್ರ ಒಂದೇಮ್ಮ, ಉಳಿದದ್ದೆಲ್ಲ ಬೇರೆ. ಲಂಕೇಶರದ್ದು ಒಬ್ಬ ಬರಹಗಾರ ತನ್ನ ಓದುಗರನ್ನೇ ನಂಬಿ ನಡೆಸಿದ ವಾರಪತ್ರಿಕೆ. ‘ಸನ್’ ದೊಡ್ಡ ಕಂಪನಿಯ ದಿನಪತ್ರಿಕೆ. ಮರ್ಡೋಕ್ ಬೆನ್ನಿಗಿದ್ದರು. 1986ರ ಜನವರಿಯಲ್ಲಿ ಮುದ್ರಣವನ್ನು ಲಂಡನ್ನಿನ ಪತ್ರಿಕೆಗಳ ಬೀದಿ ಫ್ಲೀಟ್ ಸ್ಟ್ರೀಟ್ ಕಡೆಯಿಂದ ಅದೇ ಊರಿನ ವಾಪಿಂಗ್‌ಗೆ ಎತ್ತಂಗಡಿ ಮಾಡಿ, ಮುಷ್ಕರ ಹೂಡಿದ ಸುಮಾರು 5,500 ಕೆಲಸಗಾರರನ್ನು ಒಟ್ಟಿಗೇ ತೆಗೆದರು. ಒಂದು ವರ್ಷಕ್ಕೂ ಮೀರಿ ಗೇಟಿನ ಮುಂದೆ ಹೋರಾಟ ನಡೆಯಿತು. ಪತ್ರಿಕೆ ಒಂದು ರಾತ್ರಿಯೂ ನಿಲ್ಲಲಿಲ್ಲ.

ಕರಿಕೋಟು

ಎಲ್ಟನ್ ಜಾನ್ ಪ್ರಕರಣ ಬಿಟ್ಟುಹೋಯಿತು. ವಕೀಲನಾಗಿ ನನಗೆ ಈ ಕಥೆಯಲ್ಲಿ ಅದೇ ಮುಖ್ಯ.

1987ರಲ್ಲಿ ‘ಸನ್’ ಆ ಗಾಯಕನ ಖಾಸಗಿ ಬದುಕಿನ ಬಗ್ಗೆ ದಿನಕ್ಕೊಂದು ಕೊಳಕು ಕಥೆ ಹಾಕಿತು. ಕಥೆ ಕೊಟ್ಟವನು ದುಡ್ಡು ಪಡೆದಿದ್ದ. ಎಲ್ಟನ್ ಜಾನ್ ಕೇಸು ಹಾಕಿದರು. ಪತ್ರಿಕೆ ಬಗ್ಗಲಿಲ್ಲ, ಇನ್ನಷ್ಟು ಬರೆಯಿತು. ಅವರ ಮನೆ ಕಾಯುವ ನಾಯಿಗಳ ಗಂಟಲು ಕೊಯ್ಯಿಸಿ ಬೊಗಳದ ಹಾಗೆ ಮಾಡಿದ್ದಾರೆ ಅಂತಲೂ ಬರೆಯಿತು. ನಾಯಿಗಳು ಚೆನ್ನಾಗಿಯೇ ಬೊಗಳುತ್ತಿದ್ದವು. ಕಡೆಗೆ ಕಥೆ ಕೊಟ್ಟವನೇ ಎದುರಾಳಿ ಪತ್ರಿಕೆಗೆ ಹೋಗಿ, ಎಲ್ಲಾ ಸುಳ್ಳು, ದುಡ್ಡಿಗಾಗಿ ಹೇಳಿದೆ ಅಂದ. 1988ರ ಡಿಸೆಂಬರ್‌ನಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. 10 ಲಕ್ಷ ಪೌಂಡ್ ಪರಿಹಾರ, ಮುಖಪುಟದಲ್ಲಿ ‘ಸಾರಿ ಎಲ್ಟನ್’.

ಇದು ಹಿಲ್ಸ್‌ಬರೋಗೆ, ಅಂದರೆ ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ನೂಕುನುಗ್ಗಲಿನಲ್ಲಿ ಸತ್ತ ಸ್ಟೇಡಿಯಂ ದುರಂತಕ್ಕೆ, ಬರೀ ನಾಲ್ಕು ತಿಂಗಳ ಮುಂಚೆ. ಅಂದರೆ ಸುಳ್ಳು ಸುದ್ದಿಯ ಬೆಲೆ ಎಷ್ಟು ಅಂತ ಅವರಿಗೆ ಪೌಂಡಿನಲ್ಲೇ ಗೊತ್ತಿತ್ತು. ಹಾಗಿದ್ದೂ ಏಪ್ರಿಲ್‌ನಲ್ಲಿ ಆ ಅಭಿಮಾನಿಗಳನ್ನೇ ದೂರುವ ಮುಖಪುಟ ಯಾಕೆ ಬಂತು? ಒಂದು ಕಾರಣ ಕಾನೂನಿನಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಸತ್ತವರ ಪರವಾಗಿ ಮಾನನಷ್ಟದ ದಾವೆ ಹೂಡಲು ಆಗುವುದಿಲ್ಲ. ‘ಅಭಿಮಾನಿಗಳು’ ಅನ್ನುವ ದೊಡ್ಡ ಗುಂಪಿನ ಬಗ್ಗೆ ಬರೆದರೆ, ಅದರಲ್ಲಿನ ಒಬ್ಬರು ‘ಇದು ನನ್ನ ಬಗ್ಗೆ’ ಅಂತ ಕೋರ್ಟಿಗೆ ಹೋಗುವುದೂ ಸಾಧ್ಯವಿಲ್ಲದಷ್ಟು ಕಷ್ಟ. ಎಲ್ಟನ್ ಜಾನ್ ಬಳಿ ವಕೀಲರಿದ್ದರು, ದುಡ್ಡಿತ್ತು, ಜೀವ ಇತ್ತು. ಸ್ಟೇಡಿಯಂನಲ್ಲಿ ಸತ್ತ ಹುಡುಗರಿಗೆ ಮೂರೂ ಇರಲಿಲ್ಲ.

ನಮ್ಮಲ್ಲಿ ಸ್ವಲ್ಪ ಬೇರೆ. ಸತ್ತವರ ಬಗ್ಗೆ ಬರೆದದ್ದು ಮನೆಯವರ ಮನಸ್ಸು ನೋಯಿಸುವಂತಿದ್ದರೆ ಅದೂ ಕ್ರಿಮಿನಲ್ ಮಾನಹಾನಿ ಆಗಬಹುದು. ಹಳೇ ದಂಡ ಸಂಹಿತೆಯ 499ನೇ ಸೆಕ್ಷನ್ನಿನ ಮೊದಲ ವಿವರಣೆಯಲ್ಲೇ ಇತ್ತು.

ಮರ್ಸಿ ದಡದಿಂದ

ನಮಸ್ಕಾರ. ದಾವಣಗೆರೆಯವಳು. 11 ವರ್ಷದಿಂದ ಲಿವರ್‌ಪೂಲ್‌ನಲ್ಲಿ ನರ್ಸ್ ಕೆಲಸ. ‘ರಾತ್ರಿಪಾಳಿ’ ಸರ್ ಕರೆದಿದ್ದಕ್ಕೆ ಬರೆಯುತ್ತಿದ್ದೇನೆ.

ಬಂದ ಹೊಸದರಲ್ಲಿ ಇಂಗ್ಲಿಷ್ ಚೆನ್ನಾಗಿ ಕಲಿಯಲು ಸುಲಭದ ಪೇಪರ್ ಬೇಕಿತ್ತು. ಮನೆ ಹತ್ತಿರದ ಅಂಗಡಿಗೆ ಹೋಗಿ ‘ಸನ್’ ಕೇಳಿದೆ. ಅಂಗಡಿಯವರು ವಯಸ್ಸಾದವರು. ಸಿಟ್ಟು ಮಾಡಲಿಲ್ಲ. ‘ನೀವು ಹೊಸಬರು ಅನ್ನಿಸುತ್ತದೆ, ಇಲ್ಲಿ ಅದನ್ನು ಇಡುವುದಿಲ್ಲ’ ಅಂದರು. ಬೇರೆ ಪೇಪರ್ ಕೈಗಿಟ್ಟು ದುಡ್ಡು ಬೇಡ ಅಂದರು. ಆಮೇಲೆ ವಾರ್ಡಿನ ಗೆಳತಿಯರು ಕೂರಿಸಿಕೊಂಡು ಎಲ್ಲಾ ಹೇಳಿದರು.

1989ರ ಏಪ್ರಿಲ್ 15, ಶನಿವಾರ. ಶೆಫೀಲ್ಡಿನ ಹಿಲ್ಸ್‌ಬರೋ ಸ್ಟೇಡಿಯಂ. ಫುಟ್‌ಬಾಲಿನ ಎಫ್ಎ ಕಪ್ ಸೆಮಿಫೈನಲ್, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್. ಲೆಪಿಂಗ್ಸ್ ಲೇನ್ ಕಡೆ ಜನ ಜಾಸ್ತಿಯಾದಾಗ ಪೊಲೀಸ್ ಅಧಿಕಾರಿ ಡೇವಿಡ್ ಡಕೆನ್‌ಫೀಲ್ಡ್ ಹೊರಗಿನ ದೊಡ್ಡ ಗೇಟು ತೆರೆಸಿದರು. ಒಳಗೆ ಮೊದಲೇ ತುಂಬಿದ್ದ ಕಂಬಿಯ ಆವರಣಕ್ಕೆ ಜನ ಹರಿದರು. ತಡೆಯುವವರು ಇರಲಿಲ್ಲ. ಮುಂದೆ ಕಂಬಿಬೇಲಿ, ಹಿಂದೆ ಜನ. ನಿಂತಲ್ಲೇ ಉಸಿರುಗಟ್ಟಿ ಸತ್ತರು. 3 ಗಂಟೆ 6 ನಿಮಿಷಕ್ಕೆ ಆಟ ನಿಂತಿತು. ಇವತ್ತಿಗೆ ಲೆಕ್ಕ 97. ಕೊನೆಯವರು ಅದೇ ಗಾಯದಿಂದ 2021ರಲ್ಲಿ ತೀರಿಕೊಂಡರು. ಎಲ್ಲರಿಗಿಂತ ಚಿಕ್ಕವನಿಗೆ 10 ವರ್ಷ.

ಆ ಅಧಿಕಾರಿ ಅವತ್ತೇ, ಅಭಿಮಾನಿಗಳೇ ಗೇಟು ನುಗ್ಗಿ ಬಂದರು ಅಂತ ಸುಳ್ಳು ಹೇಳಿದರು. ಸುಳ್ಳು ಅಂತ ಒಪ್ಪಿಕೊಂಡಿದ್ದು 2015ರಲ್ಲಿ.

ನಾಲ್ಕು ದಿನಕ್ಕೆ ‘ಸನ್’ ಮುಖಪುಟ ಬಂತು. ‘ದಿ ಟ್ರೂತ್’. ಸತ್ಯ. ಕೆಳಗೆ ಮೂರು ಸಾಲು. ಕೆಲವು ಅಭಿಮಾನಿಗಳು ಸತ್ತವರ ಜೇಬು ಕತ್ತರಿಸಿದರು. ಪೊಲೀಸರ ಮೇಲೆ ಉಚ್ಚೆ ಹೊಯ್ದರು. ಉಸಿರು ಕೊಡುತ್ತಿದ್ದ ಪೇದೆಗೆ ಹೊಡೆದರು.

ಅಂತ್ಯಸಂಸ್ಕಾರ ಇನ್ನೂ ಮುಗಿಯದ ಮನೆಗಳಿಗೆ ಆ ಪೇಪರ್ ಹೋಯಿತು. ಅದನ್ನು ಯೋಚಿಸಿದರೆ ನನಗೆ ಈಗಲೂ ಕೈ ನಡುಗುತ್ತದೆ.

ಏಜೆಂಟರ ಮಗ

ಮೇಡಂ, ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಆ ಆರೋಪಗಳನ್ನು ಬೇರೆ ಪತ್ರಿಕೆಗಳೂ ಹಾಕಿದ್ದವಲ್ಲ. ಜನ ‘ಸನ್’ ಒಂದನ್ನೇ ಯಾಕೆ ಹಿಡಿದರು?

ರಾತ್ರಿಪಾಳಿ

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಇದು ಡೆಸ್ಕಿನ ಪ್ರಶ್ನೆ.

ಕಾಪಿ ಬಂದಿದ್ದು ಶೆಫೀಲ್ಡಿನ ಒಂದು ಸುದ್ದಿ ಏಜೆನ್ಸಿಯಿಂದ. ಅದಕ್ಕೆ ಹೇಳಿದವರು ಕೆಲವು ಪೊಲೀಸರು ಮತ್ತು ಆ ಊರಿನ ಸಂಸದ ಇರ್ವಿನ್ ಪ್ಯಾಟ್ನಿಕ್. ಸಂಸದರಿಗೂ ಹೇಳಿದ್ದು ಪೊಲೀಸರೇ. ಅಂದರೆ ತಪ್ಪು ಮಾಡಿದವರೇ ದೂರು ಹೇಳುತ್ತಿದ್ದರು. ಇದೇ ಕಾಪಿ ಬೇರೆ ಪತ್ರಿಕೆಗಳಿಗೂ ಹೋಯಿತು. ಕೆಲವರು ಹಾಕಿದರು ಕೂಡ. ಆದರೆ ಬಹುಮಟ್ಟಿಗೆ ‘ಪೊಲೀಸರ ಆರೋಪ’ ಅಂತ ಹಾಕಿದರು. ‘ಸನ್’ ಅದರ ನೆತ್ತಿಯ ಮೇಲೆ ‘ಸತ್ಯ’ ಅಂತ ಬರೆಯಿತು. ಒಳಗಿನ ವರದಿಯಲ್ಲಿ ಪೊಲೀಸರು ಹೇಳಿದರು ಅಂತ ಇತ್ತು. ಓದುಗ ಅಲ್ಲಿಗೆ ಹೋಗುವಷ್ಟರಲ್ಲಿ ತಲೆಬರಹ ತೀರ್ಪು ಕೊಟ್ಟಾಗಿತ್ತು.

ವರದಿ ಬರೆದ ಹ್ಯಾರಿ ಅರ್ನಾಲ್ಡ್, ಪುಟ ಸಿದ್ಧವಾಗುವುದನ್ನು ನೋಡಿ ಸಂಪಾದಕರಿಗೆ ಹೇಳಿದರಂತೆ: ಇದನ್ನು ಸತ್ಯ ಅನ್ನಲಾಗದು, ನಮಗೆ ಗೊತ್ತಿಲ್ಲ. ಕೆಲವರು ಹೀಗೆ ಹೇಳುತ್ತಿದ್ದಾರೆ ಅಂತ ಸ್ಪಷ್ಟ ಮಾಡುತ್ತೇನೆ ಬಿಡು ಅಂತ ಮೆಕೆಂಜಿ ಅಂದರಂತೆ. ಬೆಳಗ್ಗೆ ಪೇಪರ್ ನೋಡಿದ ಅರ್ನಾಲ್ಡ್‌ಗೆ ದಿಗಿಲಾಯಿತು. ಈ ಮಾತು ಅರ್ನಾಲ್ಡ್ ಅವರೇ ಆಮೇಲೆ ಹೇಳಿಕೊಂಡಿದ್ದು. ಗಮನಿಸಿ, ಇಲ್ಲಿ ನಾನು ಎರಡು ಸಲ ‘ಅಂತೆ’ ಬಳಸಿದೆ. ಆ ಕೋಣೆಯಲ್ಲಿ ನಾನಿರಲಿಲ್ಲ.

ನನ್ನದೂ ಒಂದು ತಪ್ಪಿದೆ. ಹೇಳಿಬಿಡುತ್ತೇನೆ. ಒಂದು ಸಿಂಗಲ್ ಕಾಲಂ ಸುದ್ದಿ. ದೇವಸ್ಥಾನದ ಹುಂಡಿ ಕಳವು, ಒಬ್ಬ ಹುಡುಗನ ಬಂಧನ. ‘ಹುಂಡಿ ಕಳವು ಆರೋಪ: ಯುವಕ ಸೆರೆ’ ಅಂತ ಬರೆದೆ. ಕಾಲಮ್ಮಿನಲ್ಲಿ ಹಿಡಿಸಲಿಲ್ಲ. ರಾತ್ರಿ ಹನ್ನೆರಡೂವರೆ, ಪುಟ ಬಿಡಬೇಕು. ‘ಹುಂಡಿ ಕಳ್ಳನ ಸೆರೆ’ ಅಂತ ಮಾಡಿದೆ. ಹುಡುಗ ಕಳ್ಳನಲ್ಲ ಅಂತ ಹದಿನೈದು ದಿನಕ್ಕೆ ಗೊತ್ತಾಯಿತು. ಅವನ ಅಪ್ಪ ಪೇಪರ್ ಕತ್ತರಿಸಿದ ತುಂಡನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಆಫೀಸಿಗೆ ಬಂದರು. ಬೈಯಲಿಲ್ಲ. ‘ಇದನ್ನು ಬರೆದವರು ಯಾರು ಅಂತ ನೋಡಬೇಕಿತ್ತು’ ಅಂದರು. ನಾನು ಎದ್ದು ನಿಂತೆ. ಮಾತು ಬರಲಿಲ್ಲ. ತಿದ್ದುಪಡಿ ಒಳಪುಟದಲ್ಲಿ ಎರಡು ಸಾಲು ಬಂತು. ಆ ಮೂರಕ್ಷರ ಬಿಟ್ಟಿದ್ದು ನಾನೇ.

ಧಾರವಾಡದ ವಿದ್ಯಾರ್ಥಿನಿ

ಸರ್, ಇದನ್ನು ಹೇಳಿದ್ದಕ್ಕೆ ಧನ್ಯವಾದ. ನಿಜವಾದ ವಿಚಾರಣೆ ಯಾವಾಗ ಆಯಿತು? ಮೆಕೆಂಜಿ ಕ್ಷಮೆ ಕೇಳಿದರಾ?

ಕರಿಕೋಟು

ಲಾರ್ಡ್ ಜಸ್ಟಿಸ್ ಟೇಲರ್ ಅವರ ಮಧ್ಯಂತರ ವರದಿ 1989ರ ಆಗಸ್ಟ್‌ನಲ್ಲೇ ಬಂತು. ಮುಖ್ಯ ಕಾರಣ ಪೊಲೀಸ್ ನಿಯಂತ್ರಣ ತಪ್ಪಿದ್ದು ಅಂತ ಸ್ಪಷ್ಟವಾಗಿ ಹೇಳಿತು. ಅಂದರೆ ‘ಸತ್ಯ’ ನಾಲ್ಕು ತಿಂಗಳಿಗೆ ಬಿದ್ದುಹೋಗಿತ್ತು. ಆದರೆ ಜನರ ತಲೆಯಿಂದ ಹೋಗಲು 20 ವರ್ಷದ ಮೇಲೆ ಹಿಡಿಯಿತು. 2012ರ ಸೆಪ್ಟೆಂಬರ್ 12ರಂದು ಸ್ವತಂತ್ರ ಸಮಿತಿ ಕಡತಗಳನ್ನೆಲ್ಲ ಬಿಚ್ಚಿಟ್ಟಿತು. ಪೊಲೀಸರ 164 ಹೇಳಿಕೆಗಳನ್ನು ತಿದ್ದಿದ್ದರು. ಸತ್ತವರ ರಕ್ತ ಪರೀಕ್ಷೆ ಮಾಡಿ ಕುಡಿದಿದ್ದರಾ ಅಂತ ಹುಡುಕಿದ್ದರು, ಮಕ್ಕಳನ್ನೂ ಬಿಡದೆ. ಚಿಕಿತ್ಸೆ ಬೇಗ ಸಿಕ್ಕಿದ್ದರೆ 41 ಜನ ಬದುಕುವ ಸಾಧ್ಯತೆ ಇತ್ತು. 2016ರ ಏಪ್ರಿಲ್ 26ರಂದು ಜ್ಯೂರಿ ಇದು ಕಾನೂನುಬಾಹಿರ ಹತ್ಯೆ ಅಂತ ಹೇಳಿತು. ಅಭಿಮಾನಿಗಳ ತಪ್ಪಿಲ್ಲ ಅಂತಲೂ ಹೇಳಿತು.

ಕ್ಷಮೆಯ ವಿಷಯ ಉದ್ದ ಇದೆ. 1993ರಲ್ಲಿ ಸಂಸತ್ತಿನ ಸಮಿತಿ ಮುಂದೆ ಮೆಕೆಂಜಿ ವಿಷಾದ ಹೇಳಿದರು, ಸಂಸದನ ಮಾತು ನಂಬಿದ್ದೇ ತಪ್ಪು ಅಂದರು. 2006ರಲ್ಲಿ ಒಂದು ಊಟದ ಕೂಟದಲ್ಲಿ, ಆಗಲೂ ನನಗೆ ವಿಷಾದ ಇರಲಿಲ್ಲ, ಈಗಲೂ ಇಲ್ಲ ಅಂದರು ಅಂತ ವರದಿಯಾಯಿತು. 2012ರಲ್ಲಿ ಸ್ವತಂತ್ರ ಸಮಿತಿಯ ವರದಿ ಬಂದ ದಿನ ಮತ್ತೆ ಕ್ಷಮೆ ಕೇಳಿದರು. ತಲೆಬರಹ ‘ಸತ್ಯ’ದ ಬದಲು ‘ಸುಳ್ಳು’ ಅಂತ ಇರಬೇಕಿತ್ತು ಅಂದರು. ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿ ಕಳೆದುಕೊಂಡ ಟ್ರೆವರ್ ಹಿಕ್ಸ್ ಅದನ್ನು ಒಪ್ಪಲಿಲ್ಲ.

ಏಜೆಂಟರ ಮಗ

ಆ ಕೆಲಸದಲ್ಲಿ ಇನ್ನೂ ಐದು ವರ್ಷ ಉಳಿದರಲ್ಲ, ಅದು ನನಗೆ ಅರಗುತ್ತಿಲ್ಲ. 1992ರ ಚುನಾವಣೆ ದಿನ, ಲೇಬರ್ ನಾಯಕ ಕಿನ್ನಕ್ ಗೆದ್ದರೆ ದೇಶ ಬಿಟ್ಟು ಹೋಗುವ ಕೊನೆಯವರು ದೀಪ ಆರಿಸಿ ಹೋಗಿ ಅಂತ ಮುಖಪುಟ. ಕನ್ಸರ್ವೇಟಿವ್ ಗೆದ್ದ ಮೇಲೆ ‘ಗೆಲ್ಲಿಸಿದ್ದು ಸನ್ನೇ’ ಅಂತ ಇನ್ನೊಂದು. ಮರ್ಡೋಕ್ ಅವರೇ 2012ರಲ್ಲಿ, ಬ್ರಿಟನ್ನಿನ ಪತ್ರಿಕೆಗಳ ನಡವಳಿಕೆ ಬಗ್ಗೆ ನಡೆದ ಲೆವೆಸನ್ ವಿಚಾರಣೆಯಲ್ಲಿ, ಅದು ಅಸಹ್ಯವಾಗಿತ್ತು, ಮೆಕೆಂಜಿಗೆ ಬೈದೆ ಅಂದರು. ಅದೇ ವರ್ಷದ ಕೊನೆಗೆ ರಾಣಿಯ ಕ್ರಿಸ್ಮಸ್ ಭಾಷಣವನ್ನು ಎರಡು ದಿನ ಮೊದಲೇ ಅಚ್ಚು ಹಾಕಿ, 2 ಲಕ್ಷ ಪೌಂಡ್ ದಾನಕ್ಕೆ ಕೊಡಬೇಕಾಯಿತು. ಇದಕ್ಕೆಲ್ಲ ಬೈಗುಳ ಉಂಟು, ದಂಡ ಉಂಟು. ಲಿವರ್‌ಪೂಲ್ ವಿಷಯದಲ್ಲಿ ಮಾತ್ರ ದಂಡ ಇಲ್ಲ. ನಾನು ಮೊದಲು ಬರೆದದ್ದರಲ್ಲಿ 40 ಲಕ್ಷದ ಲೆಕ್ಕ ಹೇಳಿದ್ದೆ. ಆ ಲೆಕ್ಕವೇ ಅವರನ್ನು ಕುರ್ಚಿಯಲ್ಲಿ ಉಳಿಸಿತು ಅಂತ ಈಗ ಅನ್ನಿಸುತ್ತಿದೆ.

ರಾತ್ರಿಪಾಳಿ

ಲೆವೆಸನ್ ವಿಚಾರಣೆಯ ಮೊದಲ ಸಭೆಗಳಲ್ಲೇ, 2011ರಲ್ಲಿ, ಮೆಕೆಂಜಿ ತಮ್ಮ ರೀತಿಯನ್ನು ತಾವೇ ಹೇಳಿದ್ದಾರೆ. ಸುದ್ದಿ ಕೇಳಲು ನಿಜ ಅನ್ನಿಸಿದರೆ ಬಹುಶಃ ನಿಜವೇ ಇರುತ್ತದೆ, ಎತ್ತಿ ಹಾಕುವುದು. ಎಲ್ಟನ್ ಜಾನ್ ಸುದ್ದಿಯನ್ನು ಪರಿಶೀಲಿಸಿದ್ದೆ, ಆದರೂ ಸುಳ್ಳಾಯಿತು, ಆಮೇಲೆ ಪರಿಶೀಲಿಸುವುದನ್ನೇ ಬಿಟ್ಟೆ ಅನ್ನುವ ಅರ್ಥದಲ್ಲಿ ಮಾತಾಡಿದರು. ನನಗೆ ಬಹಳ ಬೇಸರ ತಂದ ಮಾತು ಅದು.

ಮುಂದಿನದನ್ನು ಬೇಗ ಹೇಳುತ್ತೇನೆ. 1994ರಲ್ಲಿ ಬಿಸ್ಕೈಬಿ ಟೀವಿಗೆ ಹೋದರು, ಕೆಲವೇ ತಿಂಗಳು. ಆಮೇಲೆ ‘ಲೈವ್ ಟೀವಿ’. ಆಮೇಲೆ ರೇಡಿಯೋ, ಇವತ್ತಿನ ‘ಟಾಕ್‌ಸ್ಪೋರ್ಟ್’. 2006ರಲ್ಲಿ ‘ಸನ್’ಗೆ ಅಂಕಣಕಾರರಾಗಿ ವಾಪಸ್.

ಮರ್ಸಿ ದಡದಿಂದ

ಆ ಅಂಕಣ ಮುಗಿದಿದ್ದೂ ನಮ್ಮ ಊರಿಂದಲೇ. 2017ರ ಏಪ್ರಿಲ್ 14, ಹಿಲ್ಸ್‌ಬರೋ ದಿನದ ಹಿಂದಿನ ದಿನ. ನಮ್ಮ ಊರಿನ ಇನ್ನೊಂದು ಕ್ಲಬ್ ಎವರ್ಟನ್‌ನ ಆಟಗಾರ ರಾಸ್ ಬಾರ್ಕ್ಲಿಯನ್ನು ಮೆಕೆಂಜಿ ಗೊರಿಲ್ಲಾಗೆ ಹೋಲಿಸಿ ಬರೆದ. ಬಾರ್ಕ್ಲಿಯ ಅಜ್ಜ ನೈಜೀರಿಯಾದವರು. ಊರಿನ ಬಗ್ಗೆಯೂ ಹಗುರವಾಗಿ ಬರೆದಿದ್ದ. ಪತ್ರಿಕೆ ಮೊದಲು ಅಮಾನತು ಮಾಡಿತು, ಆಮೇಲೆ ಆತ ಹೊರಗೆ ಹೋದ. ಲಿವರ್‌ಪೂಲ್ ಕ್ಲಬ್ ಆ ಫೆಬ್ರವರಿಯಲ್ಲೇ ‘ಸನ್’ ವರದಿಗಾರರನ್ನು ಒಳಗೆ ಬಿಡುವುದು ನಿಲ್ಲಿಸಿತ್ತು. ಈ ಅಂಕಣದ ಮರುದಿನ ಎವರ್ಟನ್ ಕೂಡ ನಿಲ್ಲಿಸಿತು. ಆಟದಲ್ಲಿ ಕಡುವೈರಿಗಳು ಇವರಿಬ್ಬರೂ.

‘ಕರಿಕೋಟು’ ಸರ್ ಹೇಳಿದ ಹಾಗೆ ಕೋರ್ಟಿನ ಬಾಗಿಲು ಮುಚ್ಚಿತ್ತು. ಜನರ ಕೈಯಲ್ಲಿ ಇದ್ದದ್ದು ಕೊಳ್ಳದೇ ಇರುವುದೊಂದೇ. ಅದನ್ನೇ ಮಾಡಿದರು. ಟ್ಯಾಕ್ಸಿಗಳ ಮೇಲೆ ‘ಸನ್ ಕೊಳ್ಳಬೇಡಿ’ ಅಂತ ಸ್ಟಿಕ್ಕರ್ ನಾನೇ ನೋಡಿದ್ದೇನೆ. 1989ರಲ್ಲಿ ಹುಟ್ಟೇ ಇರದ ಹುಡುಗರೂ ಮುಟ್ಟುವುದಿಲ್ಲ.

ರಾತ್ರಿಪಾಳಿ

ವಿದ್ಯಾರ್ಥಿನಿಗೆ ಒಂದು ಕೆಲಸ ಕೊಡಲಾ? ಇವತ್ತು 1989ರ ಏಪ್ರಿಲ್ 18, ರಾತ್ರಿ ಎಂಟು. ಶೆಫೀಲ್ಡಿನ ಅದೇ ಕಾಪಿ ನಿಮ್ಮ ಮೇಜಿನ ಮೇಲಿದೆ. ನಾಲ್ಕು ಪದದಲ್ಲಿ ತಲೆಬರಹ ಕೊಡಿ.

ಧಾರವಾಡದ ವಿದ್ಯಾರ್ಥಿನಿ

‘ಅಭಿಮಾನಿಗಳ ವರ್ತನೆ: ಪೊಲೀಸರ ಆರೋಪ’.

ಅಥವಾ ‘ಪೊಲೀಸರ ಆರೋಪ, ಅಭಿಮಾನಿಗಳ ನಿರಾಕರಣೆ’.

ರಾತ್ರಿಪಾಳಿ

ಮೊದಲನೆಯದು ಒಬ್ಬರ ಮಾತು. ಎರಡನೆಯದು ವಾಸಿ. ಆದರೆ ‘ನಿರಾಕರಣೆ’ ಅಂತ ಹಾಕಬೇಕಾದರೆ ಒಬ್ಬ ಅಭಿಮಾನಿಯನ್ನಾದರೂ ಕೇಳಿರಬೇಕು. ಕೇಳಿದ್ದೀರಾ?

ಧಾರವಾಡದ ವಿದ್ಯಾರ್ಥಿನಿ

ಇಲ್ಲ ಸರ್.

‘ಮರ್ಸಿ ದಡದಿಂದ’ ಅಕ್ಕಾ, ಅವತ್ತು ಅಲ್ಲಿದ್ದವರು ಯಾರಾದರೂ ನಿಮಗೆ ಗೊತ್ತಾ?

ಮರ್ಸಿ ದಡದಿಂದ

ಒಬ್ಬರು ಗೊತ್ತು. ನಮ್ಮ ಆಸ್ಪತ್ರೆಯಲ್ಲಿ ಪೋರ್ಟರ್ ಆಗಿದ್ದರು, ಈಗ ನಿವೃತ್ತರು. ಅವತ್ತು ಅವರಿಗೆ 19. ಜಾಸ್ತಿ ಮಾತಾಡುವುದಿಲ್ಲ. ಒಂದು ಸಲ ರಾತ್ರಿ ಡ್ಯೂಟಿಯಲ್ಲಿ ಇಷ್ಟು ಹೇಳಿದ್ದರು. ಹೊರಗೆ ಆಂಬುಲೆನ್ಸ್ ಸಾಲು ನಿಂತಿತ್ತು, ಮೈದಾನಕ್ಕೆ ಇಳಿದವು ಬೆರಳೆಣಿಕೆ. ಹುಡುಗರೇ ಸುತ್ತಲಿನ ಜಾಹೀರಾತು ಹಲಗೆ ಕಿತ್ತರು. ಬಿದ್ದವರನ್ನು ಅದರ ಮೇಲೆ ಮಲಗಿಸಿಕೊಂಡು ಮೈದಾನದ ಉದ್ದಕ್ಕೂ ಓಡಿದರು. ಇವರು ಒಂದು ಹಲಗೆಯ ಎಡಗಡೆ ಮೂಲೆ ಹಿಡಿದಿದ್ದರು. ಹೊತ್ತಿದ್ದ ಹುಡುಗ ಯಾರು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಧಾರವಾಡದ ವಿದ್ಯಾರ್ಥಿನಿ

‘ಹಲಗೆ ಕಿತ್ತು ಹೊತ್ತ ಅಭಿಮಾನಿಗಳು’.

ರಾತ್ರಿಪಾಳಿ

ಇದು ಮುಖಪುಟಕ್ಕೆ. ಇದಕ್ಕೆ ‘ಅಂತೆ’ ಬೇಡ. ಹಲಗೆ ಹೊತ್ತವರ ಚಿತ್ರಗಳು ಅವತ್ತೇ ಪತ್ರಿಕೆಗಳ ಮೇಜಿನ ಮೇಲಿದ್ದವು.